38.5ರಲ್ಲಿ ಯಾರ ಪಾಲೆಷ್ಟು?

ಕೇಳುಗರಿಗೆ ನಮಸ್ಕಾರ. 2024ರ ಏಪ್ರಿಲ್ 28, ಭಾನುವಾರ, ನೆನಪಿದ್ಯಾ? ಬೆಂಗಳೂರಲ್ಲಿ ಲೋಕಸಭೆ ವೋಟಿಂಗ್ ಮುಗಿದು ಎರಡು ದಿನ ಆಗಿತ್ತು, ಬೋರ್‌ವೆಲ್‌ಗಳು ಬತ್ತಿ ಜನ ಟ್ಯಾಂಕರ್‌ಗೆ ಕಾಯ್ತಾ ಇದ್ರು, ಅವತ್ತು ಹವಾಮಾನ ಇಲಾಖೆ ಥರ್ಮಾಮೀಟರ್ 38.5 ಡಿಗ್ರಿ ತೋರಿಸ್ತು. ಹಿಂದಿನ 50 ವರ್ಷದಲ್ಲಿ ಅದಕ್ಕಿಂತ ಜಾಸ್ತಿ ಅಂದ್ರೆ 2016ರ ಏಪ್ರಿಲ್‌ನ 39.2 ಒಂದೇ. ಒಬ್ರು ಇದು ಹವಾಮಾನ ಬದಲಾವಣೆ ಅಂದ್ರು, ಇನ್ನೊಬ್ರು ಮರ ಕಡಿದು ಕೆರೆ ಮುಚ್ಚಿದ್ದಕ್ಕೆ ಹಿಂಗಾಯ್ತು ಅಂದ್ರು. ಇಬ್ರ ಮಾತೂ ನಿಜಾನೇ, ಆದ್ರೆ ಯಾರ ಪಾಲೆಷ್ಟು ಅಂತ ಅಳೆಯೋದು ಹೇಗೆ?

ಥರ್ಮಾಮೀಟರ್ ನೋಡಿ ಇದು ಗೊತ್ತಾಗಲ್ಲ, ಅದು ಒಟ್ಟು ಮೊತ್ತ ಹೇಳುತ್ತೆ ಅಷ್ಟೇ. ಅದಕ್ಕೆ ವಿಜ್ಞಾನಿಗಳು ಎರಡು ಭೂಮಿ ಇಟ್ಕೊಂಡು ಲೆಕ್ಕ ಹಾಕ್ತಾರೆ, ಒಂದು ಈಗಿನದು, ಇನ್ನೊಂದು ನಾವು ಕಲ್ಲಿದ್ದಲು ಪೆಟ್ರೋಲು ಸುಡದೇ ಇದ್ದಿದ್ರೆ ಹೇಗಿರ್ತಿತ್ತೋ ಆ ಭೂಮಿ. ದಶಕಗಳ ದಾಖಲೆ, ಕಂಪ್ಯೂಟರ್ ಮಾಡೆಲ್‌ಗಳು ಎರಡನ್ನೂ ಇಟ್ಕೊಂಡು, ಇಂಥ ಬಿಸಿಲು ಅಲ್ಲಿ ಎಷ್ಟು ವರ್ಷಕ್ಕೊಮ್ಮೆ ಬರ್ತಿತ್ತು, ಇಲ್ಲಿ ಎಷ್ಟು ವರ್ಷಕ್ಕೊಮ್ಮೆ ಬರುತ್ತೆ ಅಂತ ಹೋಲಿಸ್ತಾರೆ. 2022ರ ಮಾರ್ಚ್-ಏಪ್ರಿಲ್‌ನಲ್ಲಿ ಉತ್ತರ ಭಾರತ, ಪಾಕಿಸ್ತಾನ ಬೆಂದುಹೋಗಿ ಗೋಧಿ ಕಾಳು ಸೊರಗಿತಲ್ಲ, ಅದನ್ನ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಅನ್ನೋ ತಂಡ ಹೀಗೇ ಅಳೆದು, ಹವಾಮಾನ ಬದಲಾವಣೆಯಿಂದ ಅದರ ಸಾಧ್ಯತೆ ಸುಮಾರು 30 ಪಟ್ಟು ಹೆಚ್ಚಾಗಿದೆ ಅಂತ ಹೇಳಿತು.

ಆದ್ರೆ ಪ್ರತಿ ಸಲ ಉತ್ತರ ಇಷ್ಟು ನೇರವಾಗಿ ಸಿಗಲ್ಲ. 2016ರ ಮೇ 19ಕ್ಕೆ ರಾಜಸ್ಥಾನದ ಫಲೋಡಿಯಲ್ಲಿ 51 ಡಿಗ್ರಿ ಮುಟ್ಟಿತ್ತು, ದೇಶದ ದಾಖಲೆ ಅದು, ಅದನ್ನ ಲೆಕ್ಕ ಹಾಕಿದಾಗ ಹವಾಮಾನ ಬದಲಾವಣೆಯ ಗುರುತು ಸ್ಪಷ್ಟವಾಗಿ ಕಾಣಲೇ ಇಲ್ಲ. ಯಾಕಂದ್ರೆ ನಮ್ಮ ಗಾಳಿಯಲ್ಲಿರೋ ಹೊಗೆ ಧೂಳು ಬಿಸಿಲನ್ನ ಸ್ವಲ್ಪ ತಡೆಯುತ್ತೆ, ನೀರಾವರಿ ಹೊಲಗಳಿಂದ ನೀರು ಆವಿಯಾಗಿ ನೆಲ ತಂಪಾಗುತ್ತೆ, ಇವೆರಡೂ ಸೇರಿ ನಿಜವಾದ ಏರಿಕೆಯನ್ನ ಮುಚ್ಚಿಟ್ಟಿರಬಹುದು. ಸಿಗಲಿಲ್ಲ ಅನ್ನೋದನ್ನೂ ಬಚ್ಚಿಡದೆ ಹೇಳಿದ್ರಲ್ಲ, ಅದಕ್ಕೇ ನಂಗೆ ಈ ವಿಜ್ಞಾನದ ಮೇಲೆ ನಂಬಿಕೆ ಜಾಸ್ತಿ.

ಇನ್ನು ಊರಿನ ಪಾಲು. ಕಾಂಕ್ರೀಟು ಟಾರು ಹಗಲೆಲ್ಲ ಬಿಸಿ ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತೆ, ಎಸಿ ಒಳಗಿನ ಸೆಕೆಯನ್ನ ರೋಡಿಗೆ ತಳ್ಳುತ್ತೆ. ಹಾಗಾಗಿ ಊರ ನಡುವಿನ ತಾಪಮಾನವನ್ನ ಹತ್ತಿರದ ಹಳ್ಳಿಯದ್ರ ಜೊತೆ, ಮುಖ್ಯವಾಗಿ ರಾತ್ರಿ ಹೊತ್ತು, ಹೋಲಿಸಿದ್ರೆ ವ್ಯತ್ಯಾಸ ಸಿಗುತ್ತೆ. ಲಂಡನ್ನಿನಲ್ಲಿ ಲ್ಯೂಕ್ ಹೋವಾರ್ಡ್ ಅನ್ನೋರು 200 ವರ್ಷದ ಹಿಂದೇನೇ ಇದನ್ನ ಅಳೆದು ತೋರಿಸಿದ್ರು. ಪಾಲು ಬೇರೆ ಮಾಡೋದು ಬರೀ ಲೆಕ್ಕದ ಚಟಕ್ಕಲ್ಲ, ಊರಿನ ಪಾಲನ್ನ ಮರ ಕೆರೆ ಉಳಿಸಿ ನಾವೇ ಇಳಿಸಬಹುದು, ಇನ್ನೊಂದು ಪಾಲು ಇಳಿಯೋಕೆ ಇಡೀ ಜಗತ್ತು ಹೊಗೆ ಕಮ್ಮಿ ಮಾಡ್ಬೇಕು.

ಒಂದು ವಿಷಯ ಮಾತ್ರ ನನ್ನ ಬಿಡದೆ ಕಾಡುತ್ತೆ. ಇಲಾಖೆ ಥರ್ಮಾಮೀಟರ್ ಇರೋದು ಬಯಲಲ್ಲಿ, ಗಾಳಿಯಾಡೋ ಬಿಳಿ ಪೆಟ್ಟಿಗೆಯ ನೆರಳಲ್ಲಿ, ಎಲ್ಲ ಕಡೆ ಒಂದೇ ಥರ ಅಳೆಯೋಕೆ ಅದು ಹಾಗೇ ಇರಬೇಕು. ಆದ್ರೆ ರಾಯಚೂರು ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದೋರು ಅದೇ ಊರಲ್ಲಿ ತಗಡಿನ ಶೆಡ್ಡಲ್ಲಿ ಮಕ್ಕಳನ್ನ ಮಲಗಿಸ್ಕೊಂಡಿರ್ತಾರೆ. 38.5 ಅನ್ನೋದು ಆ ಪೆಟ್ಟಿಗೆಯ ಲೆಕ್ಕ, ಆ ತಗಡಿನ ಕೆಳಗಿನ ರಾತ್ರಿಯದ್ದಲ್ಲ.