ಊರಿಗೆಲ್ಲ ಹಾಡು ಹಂಚಿದವನು

ಸ್ನೇಹಿತರೇ, ರೇಚಲ್ ಜಾಯ್ಸ್ ಅವರ ‘ದಿ ಮ್ಯೂಸಿಕ್ ಶಾಪ್’ 2017ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. ಕಥೆ ನಡೆಯುವುದು 1988ರಲ್ಲಿ, ಇಂಗ್ಲೆಂಡಿನ ಒಂದು ಸೊರಗಿದ ಬೀದಿಯಲ್ಲಿ. ಆಗಲೇ ಸಿ.ಡಿ. ಬಂದು ಐದಾರು ವರ್ಷ. ಕಂಪನಿಯವರು ದುಂಬಾಲು ಬಿದ್ದರೂ ರೆಕಾರ್ಡ್ ಅಂಗಡಿಯ ಫ್ರಾಂಕ್ ಜಪ್ಪಯ್ಯ ಎಂದರೂ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಶೋಪಾನ್ ಬಿಟ್ಟು ಬೇರೇನೂ ಕೇಳದ ಗಿರಾಕಿಗೆ ಅರೆಥಾ ಫ್ರಾಂಕ್ಲಿನ್ ಕೇಳಿಸುವ ಆಸಾಮಿ ಅವನು.

ನಮ್ಮಲ್ಲೂ ಇಂಥವರಿದ್ದರು. ಖಾಲಿ ಕ್ಯಾಸೆಟ್ಟು, ಹಾಡಿನ ಪಟ್ಟಿ ಹಿಡಿದು ಶಿರಸಿ ಪೇಟೆಗೆ ಬಂದವರು ಇಲ್ಲೇ ಕೂತಿದ್ದೀರಿ. ಪಟ್ಟಿ ಮುಗಿದೂ ಕೊನೆಗೆ ನಾಲ್ಕು ನಿಮಿಷ ಉಳಿದರೆ ಅಂಗಡಿಯವ ತನ್ನಿಷ್ಟದ್ದೊಂದು ತುಂಬಿಸಿ ಕೊಡುತ್ತಿದ್ದ. ಮನೆಯಲ್ಲಿ ಹಾಕಿದಾಗ ಅದೇ ಎಲ್ಲಕ್ಕಿಂತ ಚೆನ್ನಾಗಿರುತ್ತಿತ್ತು! ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಅಂದರೆ ತಾಳಮದ್ದಳೆಯದು ಬೇರೆ ಪಾಡು: ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿ ನಲವತ್ತೈದೇ ನಿಮಿಷ. ಕರ್ಣ ಕೃಷ್ಣನಿಗೆ ಉತ್ತರ ಕೊಡಲು ಬಾಯಿ ತೆರೆದದ್ದೇ ಟಕ್ಕೆಂದು ನಿಲ್ಲುತ್ತಿತ್ತು. ತಿರುವಿ ಹಾಕುವಷ್ಟರಲ್ಲಿ ಮಾತು ಎಲ್ಲೋ ಮುಂದೆ ಹೋಗಿರುತ್ತಿತ್ತು.

ಇರಲಿ. ಒಂದು ದಿನ ಹಸಿರು ಕೋಟಿನ ಇಲ್ಸೆ ಎಂಬ ಜರ್ಮನ್ ಹೆಂಗಸು ಫ್ರಾಂಕ್‌ನ ಅಂಗಡಿಯೆದುರು ತಲೆತಿರುಗಿ ಬೀಳುತ್ತಾಳೆ. ಮುಂದೆ, ಸಂಗೀತ ಕೇಳುವುದನ್ನು ಹೇಳಿಕೊಡು ಎಂದು ಅವಳೇ ಕೇಳುತ್ತಾಳೆ. ಚಹಾದಂಗಡಿಯಲ್ಲಿ ಪಾಠ ಶುರು. ಮಾತೆಲ್ಲ ರೆಕಾರ್ಡಿನದ್ದೇ. ಊರವರ ದುಃಖದ ಶ್ರುತಿ ಹಿಡಿಯಬಲ್ಲವನಿಗೆ ತನ್ನೆದೆಯದು ಮಾತ್ರ ಕೇಳಿಸುವುದಿಲ್ಲ ನೋಡಿ, ನನಗೆ ಹಿಡಿಸಿದ್ದು ಇದು. ಎಲ್ಲರಿಗೂ ಕೊಡುವವನು, ತನಗೆ ಯಾರಾದರೂ ಏನಾದರೂ ಕೊಡಲು ಬಂದರೆ ಹಿಂದೆ ಸರಿಯುತ್ತಾನೆ. ತಾಯಿ ಪೆಗ್ ಅವನಿಗೆ ಒಳ್ಳೇ ಕಿವಿ ಕೊಟ್ಟಳು, ಅಕ್ಕರೆಯಲ್ಲಿ ಕೈ ಬಿಗಿ ಮಾಡಿದಳು. ಹಾಗಾಗಿ ಈ ಪ್ರೇಮ ಇಷ್ಟು ತಡವರಿಸುವುದು ನಂಬುವಂತಿದೆ.

ತಕರಾರೂ ಇದೆ. ಹಚ್ಚೆ ಹಾಕುವ ಮಾಡ್, ಪಾದ್ರಿಗಿರಿ ಬಿಟ್ಟ ಆಂಥನಿ, ಎಡವುತ್ತಲೇ ಇರುವ ಹುಡುಗ ಕಿಟ್, ಬೀದಿಯಲ್ಲಿ ಎಲ್ಲರೂ ಒಳ್ಳೆಯವರೇ. ಒಬ್ಬರಾದರೂ ತುಸು ಕೆಟ್ಟವರು ಬೇಕಿತ್ತು. ಇನ್ನು, ಇಲ್ಸೆಯ ಗುಟ್ಟು ಅಷ್ಟು ಪುಟ ಉಳಿದದ್ದು ಅವಳು ಇಂಗ್ಲೆಂಡಿನಲ್ಲಿ ಬಿದ್ದದ್ದಕ್ಕೆ. ನಮ್ಮ ಶಿರಸಿಯ ಬಿಡ್ಕಿಬೈಲಿನಲ್ಲಿ ಬಿದ್ದಿದ್ದರೆ ನೀರು ಚಿಮುಕಿಸುವ ಮೊದಲೇ ‘ಯಾರ ಮನೆ ಕೂಸೇ?’ ಎಂದು ಕೇಳಿ, ಸಂಜೆಯೊಳಗೆ ಸಾಗರದ ನೆಂಟರವರೆಗೆ ಸುದ್ದಿ ಮುಟ್ಟುತ್ತಿತ್ತು.

ಕೊನೆಗೆ ಕಥೆ ಇಪ್ಪತ್ತೊಂದು ವರ್ಷ ಹಾರುತ್ತದೆ. ಅಲ್ಲಿ ಏನಾಗುತ್ತದೆಂದು ನಾನು ಹೇಳುವುದಿಲ್ಲ, ಹೇಳಿದರೆ ನೀವು ಓದುವುದಿಲ್ಲ. ಆ ಭಾಗ ತೀರಾ ನಾಟಕೀಯವಾಯಿತು ಎಂದು ಗೆಳೆಯರೊಬ್ಬರ ವಾದ. ಬೆಳಗಾಗುವವರೆಗೆ ಬಯಲಲ್ಲಿ ಕೂತು ಯಕ್ಷಗಾನದ ಆಟ ನೋಡಿದ ನನಗೆ ಹಾಗನ್ನಿಸಲಿಲ್ಲ. ಓದಿ ಬನ್ನಿ, ಜಗಳ ಆಡೋಣ.