ವಿನ್‌ಮೇಲ್ ಡಾಟ್ ಡ್ಯಾಟ್ ಬಂದ್ರೆ ಏನ್ಮಾಡೋದು?

ಕೇಳುಗರೆಲ್ಲರಿಗೂ ನಮಸ್ಕಾರ. ಇನ್ವಾಯ್ಸ್ ಕಳಿಸಿದ್ದೀನಿ ನೋಡಿ ಸರ್ ಅಂತ ಗೊತ್ತಿರೋರು ಮೇಲ್ ಹಾಕಿರ್ತಾರೆ, ತೆಗೆದ್ರೆ ಪಿಡಿಎಫ್ ನಾಪತ್ತೆ, ವಿನ್‌ಮೇಲ್ ಡಾಟ್ ಡ್ಯಾಟ್ ಅಂತ ಒಂದು ಫೈಲ್ ಕೂತಿರುತ್ತೆ, ಎಷ್ಟು ಕ್ಲಿಕ್ ಮಾಡಿದ್ರೂ ಓಪನ್ ಆಗಲ್ಲ. ವೈರಸ್ ಇರ್ಬೇಕು ಅಂತ ಹೆದರಿ ಡಿಲೀಟ್ ಮಾಡೋರಿದ್ದಾರೆ, ಹೆಸರು ಬದಲಾಯಿಸಿ ಡಾಟ್ ಪಿಡಿಎಫ್ ಅಂತ ಹಾಕಿ ನೋಡೋರೂ ಇದ್ದಾರೆ. ಎರಡೂ ಉಪಯೋಗ ಇಲ್ಲ. ನಿಮ್ಮ ಇನ್ವಾಯ್ಸ್ ಸಾಮಾನ್ಯವಾಗಿ ಅದರೊಳಗೇ ಇರುತ್ತೆ.

ಮೊದಮೊದಲು ಈಮೇಲ್ ಮಾಡಿದ್ದೇ ಬರೀ ಇಂಗ್ಲಿಷ್ ಅಕ್ಷರ ಸಾಗಿಸೋಕೆ. 1992ರಲ್ಲಿ ಮೈಮ್ ಅನ್ನೋ ಪದ್ಧತಿ ಬಂತು, ಅದರಲ್ಲಿ ಫೈಲನ್ನ ಬೇಸ್64 ಲೆಕ್ಕದಲ್ಲಿ ಅಕ್ಷರ ಮಾಡಿ ಕಳಿಸ್ತಾರೆ, ಆ ಕಡೆ ಮತ್ತೆ ಫೈಲ್ ಆಗುತ್ತೆ. 

ಆದ್ರೆ ಮೈಕ್ರೋಸಾಫ್ಟ್‌ನ ಮೇಲ್ ಪ್ರೋಗ್ರಾಮ್ ಔಟ್‌ಲುಕ್‌ನಲ್ಲಿ ರಿಚ್ ಟೆಕ್ಸ್ಟ್ ಅಂತ ಒಂದು ಫಾರ್ಮ್ಯಾಟ್ ಇದೆ, ಅದರಲ್ಲಿ ಕಳಿಸಿದ್ರೆ ಅಕ್ಷರದ ಬಣ್ಣ, ಅಟ್ಯಾಚ್‌ಮೆಂಟ್ ಎಲ್ಲಾ ಸೇರಿಸಿ ಮೈಕ್ರೋಸಾಫ್ಟ್‌ನ ಟಿಎನ್‌ಇಎಫ್ ಅನ್ನೋ ಒಂದೇ ಗಂಟು ಕಟ್ಟಿಬಿಡುತ್ತೆ. ಇನ್ನೊಂದು ಔಟ್‌ಲುಕ್‌ಗೆ ಆ ಗಂಟು ಬಿಚ್ಚೋಕೆ ಬರುತ್ತೆ, ಬೇರೆ ಎಷ್ಟೋ ಆ್ಯಪ್‌ಗಳಿಗೆ ಬರಲ್ಲ, ಅಲ್ಲಿ ಅದೇ ಗಂಟು ವಿನ್‌ಮೇಲ್ ಡಾಟ್ ಡ್ಯಾಟ್ ಅಂತ ಕಾಣುತ್ತೆ. ಕಳಿಸಿದೋರಿಗೆ ಇದು ಗೊತ್ತೇ ಆಗಲ್ಲ ನೋಡಿ, ಅವರ ಸೆಂಟ್ ಫೋಲ್ಡರ್‌ನಲ್ಲಿ ಪಿಡಿಎಫ್ ನೀಟಾಗಿ ಕಾಣ್ತಿರುತ್ತೆ, ನಿಮ್ಮ ಕಂಪ್ಯೂಟರ್ರೇ ಸರಿ ಇಲ್ಲ ಅಂತಾರೆ!

ಜಗಳ ಆಡ್ಬೇಡಿ. ಹಳೇ ಔಟ್‌ಲುಕ್ ಇಟ್ಕೊಂಡಿರೋರಾದ್ರೆ ಫೈಲ್, ಆಪ್ಷನ್ಸ್, ಮೇಲ್‌ಗೆ ಹೋಗಿ ರಿಚ್ ಟೆಕ್ಸ್ಟ್ ಬದಲು ಎಚ್‌ಟಿಎಂಎಲ್ ಅನ್ನೋ ಫಾರ್ಮ್ಯಾಟ್ ಆಯ್ಕೆ ಮಾಡಿ ಮತ್ತೆ ಕಳ್ಸಿ ಅಂತ ಹೇಳಿ. ಅಷ್ಟಕ್ಕೂ ಸರಿ ಹೋಗ್ದಿದ್ರೆ ಅವರ ಕಾಂಟ್ಯಾಕ್ಟ್ಸ್‌ನಲ್ಲಿ ನಿಮ್ಮ ಹೆಸರಿಗೆ ಮಾತ್ರ ರಿಚ್ ಟೆಕ್ಸ್ಟ್ ಅಂತ ಸೆಟ್ ಆಗಿರಬಹುದು, ಅದನ್ನೂ ನೋಡ್ಸಿ. ಕಳಿಸಿದೋರು ಸಿಗ್ಲಿಲ್ಲ ಅಂದ್ರೆ ಈ ಗಂಟು ಬಿಚ್ಚೋ ಉಚಿತ ಪ್ರೋಗ್ರಾಮ್‌ಗಳಿವೆ, ಲಿನಕ್ಸ್‌ನಲ್ಲಿ ಟಿಎನ್‌ಇಎಫ್ ಅಂತಾನೇ ಒಂದಿದೆ. ಆನ್‌ಲೈನ್‌ನಲ್ಲೂ ಮಾಡ್ಕೊಡ್ತಾರೆ, ಆದ್ರೆ ಬ್ಯಾಂಕ್ ಕಾಗದ, ಆಧಾರ್ ಪ್ರತಿ ಅಂಥವನ್ನ ಗೊತ್ತಿಲ್ಲದ ಸೈಟಿಗೆ ಹಾಕೋದು ನನಗಂತೂ ಸರಿ ಕಾಣಲ್ಲ.

ಇನ್ನು ಕನ್ನಡದಲ್ಲಿ ಫೈಲ್ ಹೆಸರು ಕೊಡೋರಿಗೆ ಬೇರೆ ತಲೆನೋವು. ಇಂಗ್ಲಿಷ್ ಅಲ್ಲದ ಹೆಸರನ್ನ ಮೇಲ್ ಒಳಗೆ ಬರೆಯೋಕೆ ಎರಡು ಪದ್ಧತಿ ಚಾಲ್ತೀಲಿವೆ, ಎರಡು ಆ್ಯಪ್ ಹೊಂದ್ಲಿಲ್ಲ ಅಂದ್ರೆ ಲಗ್ನಪತ್ರಿಕೆ ಅನ್ನೋ ಹೆಸರು ಹೋಗಿ ಬರೀ ಪ್ರಶ್ನಾರ್ಥಕ ಚಿಹ್ನೆ ಸಾಲಾಗಿ ನಿಲ್ಲುತ್ತೆ. ಬೇಜಾರಿನ ವಿಷ್ಯ, ಏನ್ಮಾಡೋದು, ಹಳೇ ಆ್ಯಪ್ ಇರೋರಿಗೆ ಕಳಿಸುವಾಗ ಸದ್ಯಕ್ಕೆ ಫೈಲಿಗೆ ಇಂಗ್ಲಿಷ್ ಹೆಸರು ಕೊಡಿ, ಕನ್ನಡದ್ದು ಸಬ್ಜೆಕ್ಟ್‌ನಲ್ಲಿ ಬರೀರಿ, ಅಲ್ಲಿ ಅಷ್ಟು ತೊಂದ್ರೆ ಆಗಲ್ಲ. ನಮಸ್ಕಾರ.