ಹಳೆಯ ಬುತ್ತಿ ಪಾತ್ರೆಗಳ ಶುಚಿ ಮತ್ತು ರಕ್ಷಣೆ

ಕೇಳುಗರಿಗೆ ನಮಸ್ಕಾರ.

ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಕಾಸರಗೋಡು ಸೀಮೆಯ ಊರುಗಳ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿ ಹುಡುಕಿದರೆ ಒಂದಾದರೂ ಬುತ್ತಿ ಪಾತ್ರೆ ಸಿಕ್ಕೀತು. ಹಿತ್ತಾಳೆಯ ಮೂರು ನಾಲ್ಕು ಅಂತಸ್ತಿನ ಕ್ಯಾರಿಯರು, ಅಲ್ಯುಮಿನಿಯಂ ಡಬ್ಬಿ, ಎನಾಮಲ್ ಲೇಪದ ಪಾತ್ರೆ, ಚಿತ್ರ ಮುದ್ರಿಸಿದ ತಗಡಿನ ಪೆಟ್ಟಿಗೆ, ಹೀಗೆ ಯಾವುದಾದರೂ ಒಂದು. ಇವನ್ನು ಗುಜರಿಗೆ ಹಾಕದೆ ಪ್ರೀತಿಯಿಂದ ಕೂಡಿಡುವವರಿದ್ದಾರೆ. ಅವರಿಗೆ ನನ್ನ ಮುಖ್ಯ ಬಿನ್ನಹವೊಂದಿದೆ. ಶುಚಿ ಮಾಡುವಾಗ ಪಾತ್ರೆಯನ್ನು ತಿನ್ನುತ್ತಿರುವುದನ್ನು ಮಾತ್ರ ತೆಗೆಯಿರಿ, ಮಿಕ್ಕದ್ದನ್ನು ಇದ್ದ ಹಾಗೆಯೇ ಬಿಡಿ.

ತಿನ್ನುವುದಾದರೂ ಯಾವುದು? ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ, ಕಡಲ ಗಾಳಿ ಉಪ್ಪನ್ನು ಹೊತ್ತು ಬರುತ್ತದೆ. ಉಪ್ಪು ಗಾಳಿಯಲ್ಲಿರುವ ಪಸೆಯನ್ನು ಎಳೆದುಕೊಂಡು ಲೋಹದ ಮೈಮೇಲೆ ಹಿಡಿದಿಡುವುದರಿಂದ, ಒಣ ಸೀಮೆಯಲ್ಲಿ ಬಹುಕಾಲ ಕೆಡದೆ ಉಳಿಯಬಹುದಾದ ತಗಡು ಇಲ್ಲಿ ಬೇಗನೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ತೊಳೆಯುವುದಕ್ಕಿಂತ ಒಣಗಿಸುವುದೇ ಇಲ್ಲಿ ದೊಡ್ಡ ಕೆಲಸ.

ಹಿತ್ತಾಳೆಯ ಕ್ಯಾರಿಯರು ಕೈಗೆ ಬಂದ ಕೂಡಲೇ ಹುಣಸೆಹುಳಿ ಮತ್ತು ಉಪ್ಪು ಹಾಕಿ ತಿಕ್ಕುವುದು ನಮ್ಮ ಮನೆಗಳ ರೂಢಿ. ದಿನವೂ ಬಳಸುವ ಪಾತ್ರೆಗೆ ಅದು ಸರಿ, ಸಂಗ್ರಹದ ಪಾತ್ರೆಗೆ ಸಲ್ಲದು. ಹುಳಿಯ ಆಮ್ಲ ಕಪ್ಪನ್ನು ಕರಗಿಸುವಾಗ ಅದರೊಂದಿಗೆ ಲೋಹದ ತೆಳು ಪದರವೂ ಹೋಗುತ್ತದೆ. ಸಂದುಗಳಲ್ಲಿ ಉಳಿದ ಉಪ್ಪು ಮುಂದೆ ಹಸಿರು ಕಿಲುಬಿಗೆ ಕಾರಣವಾಗುತ್ತದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಆಮ್ಲ ಬಹಳ ಹೊತ್ತು ನಿಂತರೆ ಸತು ಮೊದಲು ಕರಗಿ, ಮೈಮೇಲೆ ಕೆಂಪು ಕಲೆಗಳು ಉಳಿಯುತ್ತವೆ, ಅವು ಹೋಗುವಂಥವಲ್ಲ.

ಇಷ್ಟು ಎಚ್ಚರ ವಹಿಸಲು ಇನ್ನೊಂದು ಕಾರಣವಿದೆ. ಹಿಂದೆ ಪಾತ್ರೆಯ ಕಂಠದ ಸುತ್ತ ಮೊನಚು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುತ್ತಿದ್ದರು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ, ಆ ಚುಕ್ಕಿಗಳ ಕುಳಿಗಳಲ್ಲಿ ಕಪ್ಪು ಕೂತಿರುವುದರಿಂದಲೇ ಅಕ್ಷರ ಓದಲು ಬರುತ್ತದೆ ಎಂಬುದು ತಿಳಿಯುತ್ತದೆ. ಪ್ರತಿಯೊಂದು ತಿಕ್ಕಾಟಕ್ಕೂ ಆ ಕುಳಿಗಳು ಆಳ ಕಳೆದುಕೊಳ್ಳುತ್ತವೆ. ಕನ್ನಡ, ಮಲಯಾಳ ಎರಡೂ ಲಿಪಿಗಳು ಬಳಕೆಯಲ್ಲಿರುವ ಈ ನೆಲದಲ್ಲಿ ಒಂದು ಮನೆಯವರು ತಮ್ಮ ಹೆಸರನ್ನು ಯಾವ ಅಕ್ಷರದಲ್ಲಿ ಬರೆಸಿಕೊಂಡರು ಎಂಬುದಕ್ಕೆ ಪಾತ್ರೆಯ ಕಂಠವೇ ಸಾಕ್ಷಿ. ಹೊಳಪಿನ ಆಸೆಗೆ ಅದನ್ನು ಅಳಿಸಿಬಿಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ. ಹದ ಬಿಸಿನೀರಿಗೆ ಎರಡು ಹನಿ ಸೌಮ್ಯ ಸಾಬೂನು ದ್ರಾವಣ ಸೇರಿಸಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಜಿಡ್ಡನ್ನಷ್ಟೇ ಒರೆಸಿ. ಶುದ್ಧ ನೀರಿನಿಂದ ಮತ್ತೊಮ್ಮೆ ಒರೆಸಿ, ಕೂಡಲೇ ಒಣಗಿಸಿ. ಒಳಗಿನ ಕಲಾಯಿ ಮಾಸಿದ್ದರೆ ಊಟಕ್ಕೆ ಬಳಸುವ ಪಾತ್ರೆಗೆ ಮಾತ್ರ ಹೊಸ ಕಲಾಯಿ ಹಾಕಿಸಿ. ಪ್ರದರ್ಶನಕ್ಕಿಡುವ ಪಾತ್ರೆಗೆ ಆ ಹಳೆಯ ತವರದ ಪದರವೇ ಇರಲಿ.

ಚಿತ್ರ ಮುದ್ರಿಸಿದ ತಗಡಿನ ಪೆಟ್ಟಿಗೆಗಳಿಗೆ ಇನ್ನೂ ಹಗುರ ಕೈ ಬೇಕು. 1950ರಲ್ಲಿ ಅಮೆರಿಕದ ಅಲಾದಿನ್ ಕಂಪನಿಯು ಹೋಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ಪಾತ್ರದ ಚಿತ್ರವಿದ್ದ ಉಕ್ಕಿನ ಊಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದ ಮೇಲೆ ಅಲ್ಲಿ ಇಂಥ ಪೆಟ್ಟಿಗೆಗಳ ಒಂದು ಯುಗವೇ ಆರಂಭವಾಯಿತು. ಇವತ್ತು ಅವುಗಳ ಬೆಲೆಯನ್ನು ನಿರ್ಧರಿಸುವುದರಲ್ಲಿ ಬಣ್ಣ ಎಷ್ಟು ಉಳಿದಿದೆ ಎಂಬುದಕ್ಕೆ ದೊಡ್ಡ ಪಾಲಿದೆ. ನಮ್ಮ ತಗಡಿನ ಪೆಟ್ಟಿಗೆಗಳಿಗೂ ಅದೇ ಮಾತು ಸಲ್ಲುತ್ತದೆ. ಮುದ್ರಣದ ಬಣ್ಣ ಬಹು ತೆಳು. ಒಮ್ಮೆ ಉಜ್ಜಿ ಹೋದರೆ ಮರಳಿ ಬಾರದು. ಪೆಟ್ಟಿಗೆಯನ್ನು ಎಂದೂ ನೀರಿನಲ್ಲಿ ಮುಳುಗಿಸಬೇಡಿ. ಮೊದಲು ಅಡಿಭಾಗದ ಒಂದು ಮೂಲೆಯಲ್ಲಿ ಒದ್ದೆ ಹತ್ತಿಯಿಂದ ಒರೆಸಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡು ಮುಂದುವರಿಯಿರಿ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿರುವುದರಿಂದ ಮರಳು ಕಾಗದ ಹಾಕಿ ಉಜ್ಜುವುದು ನಿಮ್ಮ ಆರೋಗ್ಯಕ್ಕೂ ಕೇಡು. ಅಂಥ ಪೆಟ್ಟಿಗೆಯಲ್ಲಿ ಮಕ್ಕಳಿಗೆ ತಿಂಡಿ ಹಾಕಿ ಕೊಡಲೇಬಾರದು.

ತುಕ್ಕು ಹೆಚ್ಚಾಗಿ ತೊಡಗುವುದು ಕೀಲಿನಲ್ಲಿ, ಕೊಂಡಿಯ ರಿವೆಟ್ಟಿನ ಸುತ್ತ ಮತ್ತು ಮುಚ್ಚಳದ ಅಂಚು ಮಡಚಿದ ಜಾಗದಲ್ಲಿ, ಏಕೆಂದರೆ ನೀರು ಅಲ್ಲಿ ಅಡಗಿ ನಿಲ್ಲುತ್ತದೆ. ಬಿದಿರಿನ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಮುಟ್ಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಸಡಿಲಾದ ಕೆಂಪು ಪುಡಿಯನ್ನು ಒರೆಸಿ ತೆಗೆಯಿರಿ. ಗಟ್ಟಿಯಾಗಿ ಅಂಟಿಕೊಂಡಿರುವುದನ್ನು ಕೆರೆದು ತೆಗೆಯಲು ಹೋಗಬೇಡಿ. ಬಣ್ಣ ಹೋದಲ್ಲಿ ಹೊಸ ಬಣ್ಣ ಬಳಿಯುವುದನ್ನೂ ನಾನು ಒಪ್ಪುವುದಿಲ್ಲ. ಯಾರಾದರೂ ಬಳಿದಿದ್ದರೆ ಮಾರುವಾಗ ಅದನ್ನು ಹೇಳುವುದು ಮರ್ಯಾದೆ.

ಅಲ್ಯುಮಿನಿಯಂ ಪಾತ್ರೆಗೆ ಬೂದಿ, ಸೋಡಾ ಎರಡೂ ಬೇಡ. ಕ್ಷಾರ ತಾಗಿದರೆ ಅದು ಕಪ್ಪಾಗುತ್ತದೆ. ಎನಾಮಲ್ ಲೇಪವು ಗಾಜಿನ ಜಾತಿಯದು, ಪೆಟ್ಟು ಬಿದ್ದರೆ ಚಕ್ಕೆಯೇಳುತ್ತದೆ, ಚಕ್ಕೆಯೆದ್ದಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಇನ್ನು ಕಾಪಿಡುವ ವಿಚಾರ. ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಿನಲ್ಲಿ, ಒಣಗಿದ ಪೆಟ್ಟಿಗೆಯ ಮೈಗೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು (ಪೆಟ್ರೋಲಿಯಂನಿಂದ ತೆಗೆಯುವ ನುಣ್ಣನೆಯ ಮೇಣ) ಅತಿ ತೆಳುವಾಗಿ ಸವರಿ ಬಟ್ಟೆಯಿಂದ ಒರೆಸಿದರೆ ಪಸೆ ನೇರವಾಗಿ ಲೋಹಕ್ಕೆ ತಾಗುವುದಿಲ್ಲ. ಬರಿಗೈಯ ಬೆವರಿನಲ್ಲಿಯೂ ಉಪ್ಪಿರುವುದರಿಂದ ಬಟ್ಟೆ ಹಿಡಿದೇ ಎತ್ತಿಡಿ. ಪತ್ರಿಕೆಯ ಕಾಗದ ಸುತ್ತಬೇಡಿ, ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಚೀಲದಲ್ಲಿ ಕಟ್ಟಬೇಡಿ. ಮೊದಲನೆಯದು ಪಸೆ ಹೀರಿ ಹಿಡಿದುಕೊಳ್ಳುತ್ತದೆ, ಎರಡನೆಯದು ಕಾಲಕ್ರಮದಲ್ಲಿ ಆಮ್ಲ ಬಿಡುತ್ತದೆ. ಕ್ಯಾರಿಯರಿನ ಅಂತಸ್ತುಗಳ ನಡುವೆ ಒಗೆದ ಹತ್ತಿ ಬಟ್ಟೆಯ ತುಂಡುಗಳನ್ನಿಡಿ. ಕಪಾಟು ಹೊರಗೋಡೆಗೆ ಒರಗಿರದಿರಲಿ, ಬಿಸಿಲೂ ಬೀಳದಿರಲಿ. ಒಳಗಿಡುವ, ಪಸೆ ಹೀರುವ ಸಿಲಿಕಾ ಜೆಲ್ ಹರಳುಗಳ ಪೊಟ್ಟಣಗಳನ್ನು ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಆಗಾಗ ತೆಗೆದು ನೋಡಿ, ಹರಳುಗಳು ಬಣ್ಣ ಬದಲಿಸಿದ್ದರೆ ಹದವಾಗಿ ಬಿಸಿಮಾಡಿ ಒಣಗಿಸಿ ಮತ್ತೆ ಒಳಗಿಡಿ. ಅದೇ ಹೊತ್ತಿಗೆ ಪ್ರತಿ ಪೆಟ್ಟಿಗೆಯ ಕೀಲನ್ನೂ ಒಮ್ಮೆ ಬೆಳಕಿಗೆ ಹಿಡಿದು ಪರೀಕ್ಷಿಸಿ.

ನಮಸ್ಕಾರ.